ಗಂಟಿಲ್ಲದ ಹೊಲಿಗೆ

ಓದತಕ್ಕ ಭಾಗಗಳು: ವಿಮೋಚನಕಾಂಡ 35:30-35, ಮತ್ತಾಯ 5:23, 24, ಲೂಕ 19:1-10.



ನಮ್ಮ ಕರ್ತನು ಜನರಿಗೆ ಬೋಧಿಸುವಾಗ ಬೀಜ ಬಿತ್ತುವ ಒಕ್ಕಲಿಗನನ್ನೂ, ಹಿಟ್ಟಿನಲ್ಲಿ ಹುಳಿ ಕಲಸುವ ಹೆಂಗಸನ್ನೂ, ಕಳೆದ ನಾಣ್ಯಕ್ಕಾಗಿ ದೀಪ ಹಚ್ಚಿ ಮನೆ ಗುಡಿಸುವವಳನ್ನೂ, ಹಳೇ ವಸ್ತ್ರಕ್ಕೆ ಹಾಕುವ ತೇಪೆಯನ್ನೂ ಅವರ ಮುಂದೆ ಇಟ್ಟನು. ಆದದರಿಂದ ಈ ತಿಂಗಳು ನಾವು ಒಂದು ಸೂಜಿಯನ್ನೂ ಒಂದು ಎಳೆ ನೂಲನ್ನೂ ನಿಮ್ಮ ಮುಂದೆ ಇಟ್ಟರೆ ನೀವು ಅದನ್ನು ಹೀನವೆಂದು ಎಣಿಸಲಾರಿರೆಂದು ನಂಬುತ್ತೇವೆ. ಗಂಡಸರು, ಇದು ಹೆಂಗಸರ ಮಾತೆಂದು ಪುಟವನ್ನು ತಿರುವದಿರಲಿ. ಯಾಕಂದರೆ ಈ ಸೂಜಿಯು ಮೊದಲು ಚುಚ್ಚಿದ್ದು ಈ ಪುಟವನ್ನು ಬರೆಯುವ ನಮ್ಮನ್ನೇ.

ದೇವರು ತನ್ನ ಆತ್ಮವನ್ನು ಯಾರಿಗೆ ಕೊಟ್ಟನೆಂದು ಕೇಳಿದರೆ, ಪ್ರವಾದಿಗಳಿಗೆ, ಅರಸರಿಗೆ, ಅಪೊಸ್ತಲರಿಗೆ ಎಂದು ನಾವು ತಟ್ಟನೆ ಹೇಳುವೆವು. ವಿಮೋಚನಕಾಂಡವನ್ನು ಓದುವವರು ಇನ್ನೂ ಒಂದನ್ನು ಕಾಣುವರು. ಅರಣ್ಯದಲ್ಲಿ ದೇವದರ್ಶನದ ಗುಡಾರವನ್ನು ಮಾಡಬೇಕಾದಾಗ ದೇವರು ಬೆಚಲೇಲನೆಂಬ ಕೈಕಸುಬಿನವನನ್ನು ತನ್ನ ಆತ್ಮದಿಂದ ತುಂಬಿಸಿ, ದಾನ್ ಕುಲದ ಒಹೊಲೀಯಾಬನನ್ನು ಅವನಿಗೆ ಜೊತೆಗಾರನನ್ನಾಗಿ ಕೊಟ್ಟನು. ಈ ಒಹೊಲೀಯಾಬನು ಬಣ್ಣಬಣ್ಣದ ನೂಲುಗಳಿಂದ ನಾರಿನ ಬಟ್ಟೆಯ ಮೇಲೆ ಕಸೂತಿ ಹಾಕುವದರಲ್ಲಿ ನಿಪುಣನು. ಆ ನೂಲನ್ನು ಇಸ್ರಾಯೇಲ್ಯರ ಹೆಂಗಸರು ತಮ್ಮ ಕೈಯಿಂದಲೇ ನೂತು ತಂದರು. ದೇವರು ಇವರಿಬ್ಬರ ಹೃದಯದಲ್ಲಿ ಕೆಲಸದ ಜಾಣತನವನ್ನು ಮಾತ್ರವಲ್ಲ, ಬೇರೆಯವರಿಗೆ ಕಲಿಸುವ ಬುದ್ಧಿಯನ್ನೂ ಇಟ್ಟನೆಂದು ಅಲ್ಲಿ ಬರೆದದೆ. ಹಾಗಾದರೆ ಒಬ್ಬ ಅಜ್ಜಿಯು ಒಬ್ಬ ಹುಡುಗಿಗೆ ಸೂಜಿ ಹಿಡಿಯುವದನ್ನು ಕಲಿಸುವದು ದೇವರ ದೃಷ್ಟಿಯಲ್ಲಿ ಸಣ್ಣ ಸಂಗತಿಯಲ್ಲ.

ಕಳೆದ ಸುಗ್ಗಿಯ ಸ್ತೋತ್ರಾರಾಧನೆಗಾಗಿ ನಾವು ಧಾರವಾಡ ಸೀಮೆಯ ಒಂದು ಗ್ರಾಮಸಭೆಗೆ ಹೋಗಿದ್ದೆವು. ಅಲ್ಲಿಯ ಹೆಂಗಸರು ಕರ್ತನ ಮೇಜಿಗೆ ಒಂದು ಹೊಸ ಹೊದಿಕೆಯನ್ನು ಮಾಡಬೇಕೆಂದು ಕೂಡಿಕೊಂಡು, ಮಧ್ಯಾಹ್ನದ ಹೊತ್ತು ಪ್ರಾರ್ಥನಾಮಂದಿರದ ಜಗಲಿಯ ಮೇಲೆ ಕಸೂತಿಯನ್ನು ಕಲಿಯುತ್ತಿದ್ದರು. ಕಲಿಸುವವಳು ಒಬ್ಬ ಮುದಿ ವಿಧವೆ. ಅವಳಿಗೆ ಅಕ್ಷರ ಬಾರದು. ಎಳೆ ಎಣಿಸುವದು ಮಾತ್ರ ಬರುತ್ತದೆ.

ಕಸೂತಿಯು ಆ ಸೀಮೆಯಲ್ಲಿ ತಾಯಿಯಿಂದ ಮಗಳಿಗೆ ಇಳಿದು ಬಂದ ಕೆಲಸವಾಗಿದೆ. ಇಳಕಲ್ ಸೀರೆಯ ಸೆರಗಿನ ಮೇಲೆಯೂ, ಕುಪ್ಪಸದ ಮೇಲೆಯೂ, ಕೂಸಿನ ಕುಂಚಿಗೆಯ ಮೇಲೆಯೂ ಅದನ್ನು ಹಾಕುವರು. ಅದರಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ತರದ ಹೊಲಿಗೆಗಳುಂಟು. ಗವಂತಿಯನ್ನು ಗಂಟಿ ಎಂದೂ ಕರೆಯುವರು. ಅದು ನೆಟ್ಟನೆ ಗೆರೆಯ ಹೊಲಿಗೆ. ಮುರ್ಗಿಯು ಮೆಟ್ಟಲುಮೆಟ್ಟಲಾಗಿ ಏರುವದು. ನೇಗಿಯು ಮಗ್ಗದಲ್ಲಿ ನೆಯ್ದಂತೆ ಕಾಣುವದು. ಮೆಂತಿಯು ಮೆಂತೆಕಾಳು ಚೆಲ್ಲಿದಂತೆ ಅಡ್ಡಡ್ಡವಾಗಿ ದಾಟುವದು. ಬಟ್ಟೆಯ ಮೇಲೆ ಸೀಸದಕಡ್ಡಿಯಿಂದ ಚಿತ್ರವನ್ನು ಬರೆದುಕೊಳ್ಳುವ ಪದ್ಧತಿ ಇಲ್ಲ. ಕಣ್ಣಿನಿಂದ ಎಳೆಗಳನ್ನು ಎಣಿಸುತ್ತಾ ಹೋಗುವದೇ ಅದರ ವಿದ್ಯೆ.

ಹಳೇ ಮಾದರಿಗಳಲ್ಲಿ ಗೋಪುರ, ತೇರು, ನಂದಿ, ಆನೆ, ನವಿಲು, ತುಳಸಿಕಟ್ಟೆ ಮುಂತಾದವುಗಳು ಬಹಳ. ಕರ್ತನ ಮೇಜಿನ ಹೊದಿಕೆಗೆ ಏನನ್ನು ಹಾಕತಕ್ಕದ್ದೆಂದು ಅವರೊಳಗೆ ಮಾತು ಹುಟ್ಟಿತು. ಕೆಲವರು ಕಸೂತಿಯೇ ಬೇಡವೆಂದರು. ಆಗ ಆ ಮುದುಕಿಯು, "ಸೂಜಿಗೆ ಜಾತಿ ಇಲ್ಲ, ತಂಗೀ. ನಾವು ಏನು ಹೇಳುತ್ತೇವೋ ಅದನ್ನು ಅದು ಬರೆಯುತ್ತದೆ," ಅಂದಳು. ಕಡೆಗೆ ಜೋಳದ ತೆನೆ, ದ್ರಾಕ್ಷೆಯ ಗೊಂಚಲು, ನಡುವೆ ಶಿಲುಬೆ ಎಂದು ಎಲ್ಲರೂ ಒಪ್ಪಿಕೊಂಡರು. ಮೊದಲು ಕಲಿಯತಕ್ಕದ್ದು ಗವಂತಿ.

ಇದನ್ನು ಮಾಡುವ ರೀತಿಯನ್ನು ಇಲ್ಲಿ ಬರೆಯುತ್ತೇವೆ. ಇಷ್ಟವುಳ್ಳ ತಾಯಂದಿರು ತಮ್ಮ ಮಕ್ಕಳಿಗೆ ಕಲಿಸಬಹುದು. ಎಳೆಗಳು ಬಿಡಿಬಿಡಿಯಾಗಿ ಕಾಣುವ ದಪ್ಪ ನೂಲಿನ ಬಟ್ಟೆಯನ್ನು ತೆಗೆದುಕೊಳ್ಳಿರಿ. ಮೊನೆ ಮೊಂಡಾದ ಸೂಜಿ ಒಳ್ಳೇದು. ಚೂಪಾದ ಸೂಜಿಯು ಎಳೆಯನ್ನು ಸೀಳುವದು. ನೂಲಿನ ತುದಿಗೆ ಗಂಟು ಹಾಕಬೇಡಿರಿ. ಸೂಜಿಯನ್ನು ಕೆಳಗಿನಿಂದ ಮೇಲಕ್ಕೆ ತಂದು, ಒಂದು ಬೆರಳುದ್ದ ನೂಲನ್ನು ಹಿಂದೆ ಬಿಟ್ಟು, ನಾಲ್ಕು ಎಳೆಗಳನ್ನು ಎಣಿಸಿ ದಾಟಿ ಕೆಳಕ್ಕೆ ಚುಚ್ಚಿರಿ. ಕೆಳಗೆ ನಾಲ್ಕು ಎಳೆಗಳನ್ನು ಬಿಟ್ಟು ತಿರುಗಿ ಮೇಲಕ್ಕೆ ಬನ್ನಿರಿ. ಹೀಗೆ ಮೇಲೆ ನಾಲ್ಕು, ಕೆಳಗೆ ನಾಲ್ಕು ಎಂದು ಗೆರೆಯ ಕೊನೆಯ ವರೆಗೆ ಹೋಗಿರಿ. ಈಗ ನೋಡಿದರೆ ಗೆರೆಯು ಅರ್ಧ ಮಾತ್ರ ತುಂಬಿದೆ. ಒಂದು ಹೊಲಿಗೆ, ಒಂದು ಖಾಲಿ, ಒಂದು ಹೊಲಿಗೆ, ಒಂದು ಖಾಲಿ. ಆಗ ಸೂಜಿಯನ್ನು ತಿರುಗಿಸಿ, ಬಂದ ದಾರಿಯಲ್ಲಿಯೇ, ಬಂದ ತೂತುಗಳಲ್ಲಿಯೇ ಹಿಂದಕ್ಕೆ ಬನ್ನಿರಿ. ಮೊದಲು ಮೇಲೆ ಇದ್ದಲ್ಲಿ ಈಗ ಕೆಳಗೆ. ಮೊದಲು ಖಾಲಿ ಬಿಟ್ಟಲ್ಲಿ ಈಗ ಮೇಲೆ. ಪ್ರಾರಂಭಿಸಿದ ಸ್ಥಳಕ್ಕೆ ನೀವು ತಿರುಗಿ ಮುಟ್ಟುವಷ್ಟರಲ್ಲಿ ಗೆರೆಯು ಪೂರಾ ತುಂಬಿರುವದು. ಬಟ್ಟೆಯನ್ನು ಮಗುಚಿ ನೋಡಿದರೆ ಹಿಂಬದಿಯಲ್ಲಿಯೂ ಅದೇ ಗೆರೆ ಅಷ್ಟೇ ನೆಟ್ಟಗೆ ಕಾಣುವದು. ಕಡೆಗೆ ನೂಲಿನ ತುದಿಗಳೆರಡನ್ನೂ ಹಾಕಿದ ಹೊಲಿಗೆಗಳೊಳಗೆಯೇ ತೂರಿಸಿ ಅಡಗಿಸಬೇಕು.

ಈ ಹೊಲಿಗೆಯನ್ನು ಇತರ ದೇಶಗಳ ಹೆಂಗಸರೂ ಬಲ್ಲವರಾಗಿದ್ದಾರೆ. ಯೂರೋಪಿನಲ್ಲಿ ಅದಕ್ಕೆ ಹಾಲ್ಬೈನ್ ಹೊಲಿಗೆ ಎಂಬ ಹೆಸರುಂಟು. 1543ರಲ್ಲಿ ಲಂಡನಿನಲ್ಲಿ ತೀರಿಹೋದ ಹಾಲ್ಬೈನನೆಂಬ ಚಿತ್ರಗಾರನು ತಾನು ಬರೆದ ಚಿತ್ರಗಳಲ್ಲಿ ಅಂಗಿಯ ಕೊರಳುಪಟ್ಟಿ, ತೋಳಿನ ಅಂಚುಗಳ ಮೇಲೆ ಈ ಕಸೂತಿಯನ್ನು ಎಳೆಎಳೆಯಾಗಿ ತೋರಿಸಿದ್ದರಿಂದ ಆ ಹೆಸರು ಬಂತು. ತೋಳಿನ ಅಂಚು ಮಡಚಿದಾಗ ಎರಡು ಬದಿಗಳೂ ಕಾಣುವವಾದ್ದರಿಂದ ಅಲ್ಲಿಗೆ ಈ ಹೊಲಿಗೆಯೇ ತಕ್ಕದ್ದಾಗಿತ್ತು. ಆ ಚಿತ್ರಗಾರನು ಇಂಗ್ಲೆಂಡಿಗೆ ಹೋಗುವ ಮುಂಚೆ ಬಹು ವರುಷ ಬಾಸೆಲ್ ಪಟ್ಟಣದಲ್ಲಿ ವಾಸವಾಗಿದ್ದನು. ಅದೇ ಬಾಸೆಲಿನ ಮಿಶನಿನ ಬೋಧಕರು 1837ರಲ್ಲಿ ಧಾರವಾಡಕ್ಕೆ ಬಂದದ್ದನ್ನು ನಮ್ಮ ಹಿರಿಯರು ಹೇಳುವರು. ದೂರದ ಆ ಪಟ್ಟಣದ ಚಿತ್ರಗಾರನು ಕಂಡು ಬರೆದ ಹೊಲಿಗೆಯೂ, ನಮ್ಮ ಹಳ್ಳಿಯ ಜಗಲಿಯ ಮೇಲೆ ಓದುಬಾರದ ಮುದುಕಿಯು ಕಲಿಸುವ ಹೊಲಿಗೆಯೂ ಒಂದೇ. ಮನುಷ್ಯರ ಕೈಗಳನ್ನು ನಿರ್ಮಿಸಿದಾತನು ಒಬ್ಬನೇ ಅಲ್ಲವೇ?

ಈಗ ಈ ಹೊಲಿಗೆಯಿಂದ ನಾವು ಕಲಿತದ್ದನ್ನು ಹೇಳುತ್ತೇವೆ.

ಮೊದಲನೇದು, ಎಣಿಕೆ. ಹುಡುಗಿಯರಲ್ಲಿ ಒಬ್ಬಳು ಚುರುಕಾದವಳು. ಬೇರೆಯವರು ಒಂದು ತೆನೆ ಹಾಕುವಷ್ಟರಲ್ಲಿ ಅವಳು ಎರಡನ್ನು ಮುಗಿಸುತ್ತಿದ್ದಳು. ಒಂದು ಕಡೆ ನಾಲ್ಕು ಎಳೆಗೆ ಬದಲಾಗಿ ಐದನ್ನು ದಾಟಿದಳು. ಒಂದೇ ಎಳೆ! ಅಲ್ಲಿ ಏನೂ ಕಾಣಲಿಲ್ಲ. ಆದರೆ ನಾಲ್ಕು ಬದಿಗಳನ್ನು ಸುತ್ತಿ ಬಂದು ಗೆರೆಯು ಗೆರೆಯನ್ನು ಕೂಡಬೇಕಾದ ಮೂಲೆಯಲ್ಲಿ ಅವು ಕೂಡಲೇ ಇಲ್ಲ. ಅವಳು ಮೂಲೆಯಲ್ಲಿ ಎಳೆದು ಜಗ್ಗಿ ಸರಿಮಾಡಲು ನೋಡಿದಳು, ಬಟ್ಟೆ ಸುಕ್ಕಾಯಿತು. ತಪ್ಪು ಕಾಣಿಸಿದ ಸ್ಥಳವೂ ತಪ್ಪು ಹುಟ್ಟಿದ ಸ್ಥಳವೂ ಬೇರೆಬೇರೆ. ನಮ್ಮ ಮನೆಗಳಲ್ಲಿಯೂ ಹೀಗೆಯೇ ಆಗುವದುಂಟು. ಅತ್ತೆಸೊಸೆಯರು ಉಪ್ಪಿಗಾಗಿ ಜಗಳಾಡುವರು; ಅಣ್ಣತಮ್ಮಂದಿರು ಬದುವಿನ ಮೇಲಣ ಒಂದು ಮರಕ್ಕಾಗಿ ಪಂಚಾಯತಿಗೆ ಹೋಗುವರು. ಉಪ್ಪೂ ಮರವೂ ಮೂಲೆಯಲ್ಲಿ ಕಾಣುವ ಸುಕ್ಕು. ಎಣಿಕೆ ತಪ್ಪಿದ್ದು ಎಷ್ಟೋ ಹಿಂದೆ, ಯಾವದೋ ಒಂದು ಮಾತಿನಲ್ಲಿ, ಯಾವದೋ ಒಂದು ಮೋಸದಲ್ಲಿ.

ಎರಡನೇದು, ಹಿಂಬದಿ. ಇನ್ನೊಬ್ಬ ಹುಡುಗಿಯು ತನ್ನ ತೆನೆಯನ್ನು ಬಹು ಅಂದವಾಗಿ ಮುಗಿಸಿ ನಮಗೆ ತಂದು ತೋರಿಸಿದಳು. ನಾವು ಹೊಗಳಿದೆವು. ಮುದುಕಿಯು ಹೊಗಳಲೂ ಇಲ್ಲ, ಬೈಯಲೂ ಇಲ್ಲ, ಬಟ್ಟೆಯನ್ನು ಮಗುಚಿದಳು. ಹಿಂಬದಿಯಲ್ಲಿ ನಾಲ್ಕು ಗಂಟುಗಳಿದ್ದವು. ಒಂದು ತೆನೆಯಿಂದ ಇನ್ನೊಂದಕ್ಕೆ ಉದ್ದವಾದ ನೂಲುಗಳು ಅಡ್ಡಾದಿಡ್ಡಿಯಾಗಿ ಹಾದಿದ್ದವು. ಹುಡುಗಿಯು, "ಅಜ್ಜೀ, ಮೇಜಿನ ಮೇಲೆ ಹೊದಿಸಿದ ಮೇಲೆ ಹಿಂಬದಿಯನ್ನು ಯಾರು ನೋಡುತ್ತಾರೆ?" ಅಂದಳು. ಮುದುಕಿಯು ಮೇಲಕ್ಕೆ ಕೈ ತೋರಿಸದೆ, ದೇವರ ಹೆಸರನ್ನೂ ಎತ್ತದೆ, "ಒಗೆಯುವವಳು ನೋಡುತ್ತಾಳೆ," ಅಂದಳು. ಈ ಉತ್ತರವು ನಮಗೆ ಬಹಳ ಹಿಡಿಸಿತು. ನಮ್ಮ ಹಿಂಬದಿಯನ್ನು ದೇವರು ನೋಡುವನೆಂಬದು ಸತ್ಯವೇ. ಆದರೆ ನಮ್ಮ ಬಟ್ಟೆ ಒಗೆಯುವ ಹೆಂಡತಿಯೂ, ನಮ್ಮ ಸಂಗಡ ಉಣ್ಣುವ ಮಕ್ಕಳೂ, ನಮ್ಮ ಹೊಲದಲ್ಲಿ ಕೂಲಿ ಮಾಡುವವನೂ ಅದನ್ನು ನೋಡುತ್ತಲೇ ಇದ್ದಾರೆ. ಈ ದಿವಸಗಳಲ್ಲಿ ಯಂತ್ರದಿಂದ ಹಾಕಿದ ಕಸೂತಿಯೂ ಪೇಟೆಗೆ ಬರುತ್ತದೆ. ಮುಂಬದಿಯಲ್ಲಿ ಅದು ಕೈಕೆಲಸದಂತೆಯೇ ಕಾಣುವದು. ಬಲ್ಲ ಹೆಂಗಸರು ಮೋಸಹೋಗದೆ ಮೊದಲು ಸೆರಗನ್ನು ಮಗುಚಿ ನೋಡುವರು. ಪಾತ್ರೆಯ ಹೊರಗನ್ನು ಬೆಳಗಿ ಒಳಗನ್ನು ಹಾಗೇ ಬಿಟ್ಟ ಫರಿಸಾಯರ ಮುಂದೆ ಕರ್ತನು ಆಡಿದ ಕಠಿಣವಾದ ಮಾತುಗಳನ್ನು ಮತ್ತಾಯನ 23ನೇ ಅಧ್ಯಾಯದಲ್ಲಿ ಓದಿಕೊಳ್ಳಿರಿ.

ಮೂರನೇದು, ತಿರುಗಿ ಬರುವದು. ಇಲ್ಲಿಯೇ ಸೂಜಿಯು ನಮ್ಮನ್ನು ಚುಚ್ಚಿತು.

ಕಲಿಯುವ ಹುಡುಗಿಯರಿಗೆ ಮುಂದಕ್ಕೆ ಹೋಗುವದೆಂದರೆ ಇಷ್ಟ. ತಿರುಗಿ ಬರುವದೆಂದರೆ ಬೇಸರ. ಹೊಸ ಗೆರೆ, ಹೊಸ ತೆನೆ ಎಂದು ಮನಸ್ಸು ಮುಂದೆ ಓಡುವದು. ಮುದುಕಿಯು ಅವರಿಗೆ ಪದೇಪದೇ, "ಹೋಗುವದು ಅರ್ಧ ಕೆಲಸ, ಬರುವದು ಅರ್ಧ ಕೆಲಸ. ಬೇರೆ ತೂತಿನಲ್ಲಿ ಬಂದರೆ ಗೆರೆ ಸೊಟ್ಟಗಾಗುತ್ತದೆ, ಹೋದ ತೂತಿನಲ್ಲಿಯೇ ಬಾ," ಎಂದು ಹೇಳುತ್ತಿದ್ದಳು. ಅವಳು ಹುಡುಗಿಯರಿಗೆ ಹೇಳಿದ ಮಾತನ್ನು ನಾವು ಜಗಲಿಯ ಕಂಬಕ್ಕೆ ಒರಗಿ ಕೇಳುತ್ತಿರಲಾಗಿ, ಅದೇ ಗ್ರಾಮದಲ್ಲಿ ನಾವು ಖಾಲಿ ಬಿಟ್ಟಿದ್ದ ಒಂದು ಸ್ಥಳವು ನಮ್ಮ ಕಣ್ಣಿಗೆ ಕಟ್ಟಿತು.

ಏಳು ವರುಷಗಳ ಹಿಂದೆ ಆ ಸಭೆಯ ಲೆಕ್ಕವನ್ನು ನೋಡುವ ಕೆಲಸವು ನಮ್ಮ ಪಾಲಿಗೆ ಬಂದಿತ್ತು. ಕಾಣಿಕೆಯ ಜೋಳವನ್ನು ಮಾರಿ ಬಂದ ಹಣದಲ್ಲಿ ಸ್ವಲ್ಪ ಕಡಿಮೆ ಕಂಡಿತು. ಹಣವು ಒಬ್ಬ ಸಭಾಹಿರಿಯನ ಕೈಯಲ್ಲಿತ್ತು. ಅವನು, ಮಂದಿರದ ಮಾಡಿಗೆ ಹೆಂಚು ತರಿಸಿದೆನೆಂದೂ ರಸೀದಿ ಎಲ್ಲಿಯೋ ಇದೆಯೆಂದೂ ಹೇಳಿದನು. ನಾವು ತಾಳಲಿಲ್ಲ. ಆರಾಧನೆಯಾದ ಮೇಲೆ ಕೂಡಿದ್ದ ಸಭೆಯೆಲ್ಲರ ಮುಂದೆ, ದೇವರ ಹಣವನ್ನು ಮುಟ್ಟಿದ ಕೈಯ ವಿಷಯವಾಗಿ ಕಠಿಣವಾದ ಮಾತುಗಳನ್ನು ಆಡಿದೆವು. ಅವನು ಎದುರು ಮಾತಾಡದೆ ರುಮಾಲನ್ನು ತೆಗೆದುಕೊಂಡು ಎದ್ದು ಹೋದನು. ಎರಡು ತಿಂಗಳಾದ ಮೇಲೆ ಹೆಂಚಿನ ವ್ಯಾಪಾರಿಯ ರಸೀದಿಯು ಮಂದಿರದ ಕೀರ್ತನೆಯ ಪುಸ್ತಕವೊಂದರೊಳಗೆ ಸಿಕ್ಕಿತು. ಲೆಕ್ಕವು ಪೈಸೆಗೆ ಪೈಸೆ ಸರಿಹೋಯಿತು. ನಾವು ಲೆಕ್ಕದ ಪುಸ್ತಕದಲ್ಲಿ ಒಂದು ಗೀಟು ಎಳೆದು, ಸರಿಯಾದ ಮೊತ್ತವನ್ನು ಬರೆದು, ಕೆಳಗೆ ರುಜು ಹಾಕಿದೆವು. ಆ ಮನುಷ್ಯನಿಗೆ ಮಾತ್ರ ಏನೂ ಹೇಳಲಿಲ್ಲ. ಆಮೇಲೆ ಅದೇ ಮಂದಿರದಲ್ಲಿ ಮೂರು ಸಾರಿ ಪ್ರಸಂಗ ಮಾಡಿದೆವು; ಅದರಲ್ಲಿ ಒಂದು ಪ್ರಸಂಗವು ಕ್ಷಮೆಯ ವಿಷಯವಾಗಿತ್ತು! ಪುಸ್ತಕದಲ್ಲಿ ಗೆರೆಯು ನೆಟ್ಟಗಿತ್ತು. ಹಿಂಬದಿಯಲ್ಲಿ ಗಂಟು ಇತ್ತು.

ಆ ಸಾಯಂಕಾಲ ನಾವು ಅವನ ಮನೆಗೆ ಹೋದೆವು. ಅವನು ಅಂಗಳದಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದನು. ಎದ್ದು ನಿಂತು ಕಂಬಳಿ ಹಾಸಿದನು. ನಾವು ಕೂತುಕೊಳ್ಳದೆ, "ಹಿರಿಯರೇ, ಏಳು ವರುಷದ ಹಿಂದೆ ನಿಮ್ಮ ಮೇಲೆ ಸುಳ್ಳು ತಪ್ಪು ಹೊರಿಸಿದೆವು. ಅದು ಸುಳ್ಳೆಂದು ತಿಳಿದ ಮೇಲೆಯೂ ಸುಮ್ಮನಿದ್ದೆವು. ಮೊದಲಿನದಕ್ಕಿಂತ ಎರಡನೇದು ದೊಡ್ಡ ಪಾಪ. ನಮ್ಮನ್ನು ಮನ್ನಿಸಿರಿ," ಎಂದು ಹೇಳಿದೆವು. ಅವನು ಬಹಳ ಹೊತ್ತು ಕೈಯಲ್ಲಿದ್ದ ಹಗ್ಗವನ್ನೇ ನೋಡುತ್ತಿದ್ದನು. ಆಮೇಲೆ, "ನೀವು ಬಂದಿರಿ, ಅಯ್ಯನವರೇ, ದೇವರಿಗೆ ಸ್ತೋತ್ರ. ನನ್ನ ಮಟ್ಟಿಗೆ ಇದು ತೀರಿತು. ಆದರೆ ನೀವು ಆ ಮಾತನ್ನು ಆಡಿದ್ದು ಈ ಅಂಗಳದಲ್ಲಿ ಅಲ್ಲ," ಅಂದನು.

ಹೋದ ತೂತಿನಲ್ಲಿಯೇ ಬಾ! ಮುದುಕಿಯ ಮಾತನ್ನು ಈ ಮನುಷ್ಯನು ಕೇಳಿರಲಿಲ್ಲ. ಆದರೂ ಅದೇ ಮಾತನ್ನು ನಮಗೆ ಹೇಳಿದನು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲವೆಂದು ಒಪ್ಪಿಕೊಳ್ಳುತ್ತೇವೆ. ಮನೆಯೊಳಗೆ ಒಬ್ಬನ ಕಿವಿಯಲ್ಲಿ ತಪ್ಪೊಪ್ಪಿಕೊಳ್ಳುವದು ಒಂದು. ಪ್ರಸಂಗಿಯು ಸಭೆಯ ಮುಂದೆ ನಿಂತು, ನಾವು ಸುಳ್ಳಾಡಿದೆವು ಅನ್ನುವದು ಇನ್ನೊಂದು. ನಮ್ಮ ಉಪದೇಶಕ್ಕೆ ಇನ್ನು ಬೆಲೆ ಇದ್ದೀತೋ ಎಂದು ಸೈತಾನನು ನಮ್ಮ ಕಿವಿಯಲ್ಲಿ ಊದಿದನು. ಮರುದಿನ ಸ್ತೋತ್ರಾರಾಧನೆಯಲ್ಲಿ, ಕಾಣಿಕೆ ಎತ್ತುವದಕ್ಕೆ ಮುಂಚೆ, ಯಾವ ಸ್ಥಳದಲ್ಲಿ ನಿಂತು ಆ ಮಾತುಗಳನ್ನು ಆಡಿದ್ದೆವೋ ಅದೇ ಸ್ಥಳದಲ್ಲಿ ನಿಂತು ಎಲ್ಲವನ್ನೂ ಹೇಳಿದೆವು. ರಸೀದಿಯ ಸಂಗತಿಯನ್ನೂ, ನಮ್ಮ ಮೌನದ ಸಂಗತಿಯನ್ನೂ ಮುಚ್ಚಲಿಲ್ಲ. ಅವನು ಬಾಗಲ ಹತ್ತರ ಕೂತಿದ್ದನು. ಅವನ ಹೆಂಡತಿಯು ಸೆರಗಿನಿಂದ ಕಣ್ಣೊರಸಿಕೊಂಡಳು. ಅಷ್ಟೇ. ಆಮೇಲೆ ಎಲ್ಲರೂ ಜೋಳವನ್ನೂ ಕಾಯಿಪಲ್ಯವನ್ನೂ ತಂದು ಮೇಜಿನ ಮುಂದೆ ಇಟ್ಟರು, ಅವನೂ ತಂದನು.

ಎಲ್ಲವೂ ಸರಿಹೋಯಿತೆಂದು ನಾವು ಬರೆದರೆ ಅದು ಇನ್ನೊಂದು ಸುಳ್ಳಾಗುವದು. ಆ ದಿನದ ಅವಮಾನದಿಂದ ಅವನ ಇಬ್ಬರು ಗಂಡುಮಕ್ಕಳು ಸಭೆಗೆ ಬರುವದನ್ನು ಬಿಟ್ಟಿದ್ದರು. ಅವರು ಇನ್ನೂ ಬಂದಿಲ್ಲ. ಏಳು ವರುಷ ಮೊದಲೇ ನಾವು ತಿರುಗಿ ಬಂದಿದ್ದರೆ ಹೀಗಾಗುತ್ತಿರಲಿಲ್ಲವೇನೋ. ಅವರ ಮನೆಯ ದಾರಿಯಲ್ಲಿಯೂ ನಾವು ನಡೆಯಬೇಕಾಗಿದೆ. ಪ್ರಿಯರೇ, ನಿಮ್ಮ ಪ್ರಾರ್ಥನೆಗಳಲ್ಲಿ ಇದನ್ನು ನೆನಸಿರಿ.

ಇಲ್ಲಿ ಒಬ್ಬನು, "ನಾವು ತಿರುಗಿ ಹೋಗಿ ತುಂಬಿದರೆ ಮಾತ್ರ ದೇವರು ಕ್ಷಮಿಸುವನೋ? ಕ್ರಿಸ್ತನ ರಕ್ತವು ಸಾಲದೋ?" ಎಂದು ಕೇಳಬಹುದು. ಜಕ್ಕಾಯನನ್ನು ನೋಡಿರಿ. ಅವನು ಸುಂಕದವರಲ್ಲಿ ಮುಖ್ಯಸ್ಥನು. ಅವನ ಸಂಪತ್ತಿನ ಹಿಂಬದಿಯಲ್ಲಿ ಎಷ್ಟು ಗಂಟುಗಳಿದ್ದವೋ! ಕರ್ತನು, ಮೊದಲು ಸಾಲ ತೀರಿಸು, ಆಮೇಲೆ ನಿನ್ನ ಮನೆಗೆ ಬರುವೆನು ಎಂದು ಹೇಳಿದನೋ? ಇಲ್ಲ. ಮರದ ಮೇಲೆ ಕೂತವನನ್ನು ಹೆಸರು ಹಿಡಿದು ಕರೆದು, ಆ ಹೊತ್ತೇ ಅವನ ಮನೆಯಲ್ಲಿ ಇಳಿದುಕೊಂಡನು. ಕೃಪೆಯು ಮೊದಲು ಒಳಗೆ ಬಂತು. ಅದು ಬಂದದರಿಂದಲೇ ಜಕ್ಕಾಯನು ಎದ್ದು ನಿಂತು, ಆಸ್ತಿಯಲ್ಲಿ ಅರ್ಧವನ್ನು ಬಡವರಿಗೂ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟನ್ನು ಕಳಕೊಂಡವರಿಗೂ ಕೊಡುವೆನೆಂದನು. ನೂಲು ನಮ್ಮದಲ್ಲ, ಅದು ಶಿಲುಬೆಯ ಮೇಲೆ ನಮಗಾಗಿ ಸಂಪಾದಿಸಲ್ಪಟ್ಟದ್ದು. ಆದರೆ ನೂಲನ್ನು ಹೊಂದಿದವನು ಸೂಜಿಯನ್ನು ತಿರುಗಿಸದೆ ಇರಲಾರನು. ಪೌಲನು ಒನೇಸಿಮನನ್ನು ಕ್ರಿಸ್ತನಲ್ಲಿ ತನ್ನ ಮಗನೆಂದು ಕರೆದ ಮೇಲೆಯೇ ಅವನನ್ನು ಫಿಲೆಮೋನನ ಬಳಿಗೆ ತಿರುಗಿ ಕಳುಹಿಸಿದನು. ಬರಿಗೈಯಿಂದ ಕಳುಹಿಸದೆ, ಅವನ ಸಾಲವನ್ನು ತನ್ನ ಲೆಕ್ಕಕ್ಕೆ ಬರೆಯಬೇಕೆಂದು ಪತ್ರವನ್ನೂ ಕೊಟ್ಟನು. ನಾವು ತಿರುಗಿ ಹೋಗುವ ದಾರಿಯಲ್ಲಿ ನಮ್ಮ ಕೈಯಲ್ಲಿಯೂ ಅಂಥ ಒಂದು ಪತ್ರ ಉಂಟು. ಬರೆದಾತನು ಯೇಸು ಕ್ರಿಸ್ತನು.

ಆದದರಿಂದ, ಪ್ರಿಯರೇ, ಈ ಪುಟವನ್ನು ಮಡಚಿಡುವ ಮುಂಚೆ ಒಂದು ಹೊತ್ತು ಸುಮ್ಮನೆ ಕೂತು ನಿಮ್ಮ ಬಟ್ಟೆಯನ್ನು ಮಗುಚಿ ನೋಡಿರಿ. ನೆರೆಯವನ ಬದುವನ್ನು ಒಂದು ಗೇಣು ಒತ್ತಿದ್ದೀರೋ? ಆ ಗೇಣನ್ನು ಬಿಟ್ಟುಕೊಡಿರಿ. ಸಾಕ್ಷಿ ಇಲ್ಲದ ಸಾಲವನ್ನು ಮರೆತವರಂತೆ ಇದ್ದೀರೋ? ಸಂತೆಯ ದಿನವನ್ನು ಕಾಯಬೇಡಿರಿ. ಬಾವಿಯ ಕಟ್ಟೆಯ ಮೇಲೆ ಒಬ್ಬಳ ಹೆಸರನ್ನು ಕೆಡಿಸಿದ್ದೀರೋ? ತಾಯೀ, ಮನೆಯೊಳಗೆ ಕಣ್ಣೀರು ಸುರಿಸಿದರೆ ಸಾಲದು. ಬಾವಿಯ ಕಟ್ಟೆಗೇ ಹೋಗಿ, ನಾನು ಆಡಿದ್ದು ಸುಳ್ಳು ಎಂದು ಹೇಳಿರಿ. ತಂದೆಯೇ, ಮಕ್ಕಳ ಎದುರಿನಲ್ಲಿ ಹೆಂಡತಿಯನ್ನು ಅವಮಾನಪಡಿಸಿದ್ದರೆ ಮಕ್ಕಳ ಎದುರಿನಲ್ಲಿಯೇ ಅವಳಿಗೆ ಮಾನ ಕೊಡಿರಿ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಸಹೋದರನ ಬಳಿಗೆ ಹೋಗಬೇಕೆಂದು ಕರ್ತನು ಅಪ್ಪಣೆಕೊಟ್ಟಿದ್ದಾನೆ. ಕಾಣಿಕೆಯು ಕಾಯುವದು; ಸಹೋದರನ ಆಯುಷ್ಯವು ಕಾಯುವದೋ ಇಲ್ಲವೋ.

ಯೊಪ್ಪದ ತಬಿಥಾ ಎಂಬವಳು ತೀರಿಹೋದಾಗ ವಿಧವೆಯರು ಅಳುತ್ತಾ, ಅವಳು ಹೊಲಿದು ಕೊಟ್ಟಿದ್ದ ಅಂಗಿಗಳನ್ನೂ ವಸ್ತ್ರಗಳನ್ನೂ ಪೇತ್ರನಿಗೆ ತೋರಿಸಿದರೆಂದು ಅಪೊಸ್ತಲರ ಕೃತ್ಯಗಳಲ್ಲಿ ಓದುತ್ತೇವೆ. ಅವರು ಆ ಬಟ್ಟೆಗಳನ್ನು ಉಟ್ಟು ಬಲ್ಲವರು, ಒಗೆದು ಬಲ್ಲವರು. ಒಳಮೈಯನ್ನೂ ಹೊರಮೈಯನ್ನೂ ಕಂಡವರು. ಅವಳಿಗೋಸ್ಕರ ಅವರ ಕಣ್ಣೀರೇ ಸಾಕ್ಷಿಯಾಯಿತು. ನಾವು ತೀರಿಹೋದ ದಿನ ನಮ್ಮ ಕೆಲಸವನ್ನು ಮಗುಚಿ ನೋಡುವವರು ಏನನ್ನು ಕಾಣುವರು?

ಆ ಗ್ರಾಮದ ಹೊದಿಕೆಯು ಇನ್ನೂ ಮುಗಿದಿಲ್ಲ. ತೆನೆಗಳು ಆಗಿವೆ, ಶಿಲುಬೆಯ ಗೆರೆಯು ಒಂದು ಸಾರಿ ಹೋಗಿದೆ, ತಿರುಗಿ ಬರಬೇಕಾಗಿದೆ. ಐದು ಎಳೆ ದಾಟಿದ ಹುಡುಗಿಯು ತನ್ನ ಅಂಚನ್ನು ಅಳುತ್ತಾ ಬಿಚ್ಚಿದಳು. ಬಿಚ್ಚಿದ ಮೇಲೆ ಬಟ್ಟೆಯ ತುಂಬಾ ಸಣ್ಣ ತೂತುಗಳು ಕಂಡವು. ಅವಳು, "ಇನ್ನು ಇದು ಕೆಟ್ಟಿತು, ಅಜ್ಜೀ," ಅಂದಳು. ಮುದುಕಿಯು ಉಗುರಿನಿಂದ ಎಳೆಗಳನ್ನು ಮೆಲ್ಲಗೆ ಸರಿಸಿ, ನೀರು ಸವರಿ, "ನೂಲಿನ ಬಟ್ಟೆ, ತಂಗೀ, ಒಂದು ನೀರು ಕಂಡರೆ ತಾನೇ ಕೂಡಿಕೊಳ್ಳುತ್ತದೆ. ನೀನು ಎಣಿಸು," ಅಂದಳು. ಹುಡುಗಿಯು ಮೂಗೊರಸಿಕೊಂಡು, ಒಂದು, ಎರಡು, ಮೂರು, ನಾಲ್ಕು ಎಂದು ಮೊದಲಿನಿಂದ ಎಣಿಸತೊಡಗಿದಳು.

ನಮ್ಮ ಹಿಂಬದಿಯನ್ನು ಬಲ್ಲ ತಂದೆಯು, ತಿರುಗಿ ಹೋಗುವ ಧೈರ್ಯವನ್ನು ನಿಮಗೂ ನಮಗೂ ಅನುಗ್ರಹಿಸಲಿ. ಆಮೆನ್.